ವೃದ್ಧರ ಫಿಸಿಯೋಥೆರಪಿಯನ್ನು ರೋಗಿಯ ಪಕ್ಕದಲ್ಲೇ ಕಲಿಸಿ: ಪಠ್ಯಕ್ರಮ ರೂಪಿಸುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಫಿಸಿಯೋಥೆರಪಿಯ ಸ್ನಾತಕೋತ್ತರ ಶಿಕ್ಷಣ ಹೇಗಿರಬೇಕೆಂದು ತೀರ್ಮಾನಿಸುವ ಅಧ್ಯಯನ ಮಂಡಳಿಗಳು, ವೃತ್ತಿ ಪರಿಷತ್ತುಗಳು ಮತ್ತು ಬೋಧನಾ ಆಸ್ಪತ್ರೆಗಳ ಆಡಳಿತದವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವಯಸ್ಸಾದವರ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ನನ್ನ ಕೋರಿಕೆ ಇಷ್ಟು: ವೃದ್ಧರ ಫಿಸಿಯೋಥೆರಪಿಗೆ ಪ್ರತ್ಯೇಕ ಸ್ನಾತಕೋತ್ತರ ತರಬೇತಿ ಕೊಡಿ. ಅದರ ಹೆಚ್ಚಿನ ಪಾಲು ತರಗತಿಯಲ್ಲಲ್ಲ, ರೋಗಿಯ ಪಕ್ಕದಲ್ಲಿ, ಪಳಗಿದ ಚಿಕಿತ್ಸಕರೊಬ್ಬರ ಕಣ್ಣೆದುರಿನಲ್ಲಿ ನಡೆಯಲಿ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಕೊಟ್ಟರೆ ಹೆಸರಿನ ಮುಂದೆ ಎರಡು ಅಕ್ಷರ ಹೆಚ್ಚಾದೀತೇ ಹೊರತು ರೋಗಿಗೆ ಏನೂ ದಕ್ಕುವುದಿಲ್ಲ.

ಯಾವ ಫಿಸಿಯೋಥೆರಪಿ ವಿಭಾಗದ ಮುಂದೆ ಬೇಕಾದರೂ ಒಂದು ಬೆಳಗ್ಗೆ ಕೂತು ನೋಡಿ. ಮೊಣಕಾಲು ನೋವಿನವರು, ಪಾರ್ಶ್ವವಾಯು ಆದವರು, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ನ್ಯುಮೋನಿಯಾದಿಂದ ಎದ್ದು ಬಂದು ಕಾಲು ಸೋತವರು, ಇವರಲ್ಲಿ ಬಹುಪಾಲು ಜನ ವಯಸ್ಸಾದವರೇ. 2030ರ ಹೊತ್ತಿಗೆ ಜಗತ್ತಿನ ಆರು ಜನರಲ್ಲಿ ಒಬ್ಬರು 60 ದಾಟಿರುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ಬಿದ್ದು ಪ್ರಾಣ ಕಳೆದುಕೊಳ್ಳುವವರು ವರ್ಷಕ್ಕೆ ಸುಮಾರು 6,84,000 ಮಂದಿ ಎನ್ನುವುದೂ ಅದೇ ಸಂಸ್ಥೆಯ ಅಂದಾಜು. ಅವರಲ್ಲಿ ಅತಿ ಹೆಚ್ಚಿನವರು 60 ಮೀರಿದವರು. ಹೀಗಿದ್ದೂ ಪದವಿ ಹಂತದಲ್ಲಿ ವೃದ್ಧಾಪ್ಯ ಎಂಬುದು ಸಾಮಾನ್ಯವಾಗಿ ಬೇರೊಂದು ವಿಷಯದ ಬಾಲಕ್ಕೆ ಕಟ್ಟಿದ ಒಂದು ಅಧ್ಯಾಯ. ಪರೀಕ್ಷೆಗೆ ಬಂದರೆ ಐದು ಅಂಕ.

ಸ್ನಾತಕೋತ್ತರಕ್ಕೆ ಬಂದರೆ ಹೆಚ್ಚಾಗಿ ಅಂಗಗಳ ಲೆಕ್ಕದಲ್ಲಿ ವಿಭಾಗಗಳು: ಮೂಳೆ ಮತ್ತು ಕೀಲು, ನರ, ಹೃದಯ ಮತ್ತು ಶ್ವಾಸಕೋಶ, ಕ್ರೀಡೆ. 82 ವರ್ಷದ ಒಬ್ಬರು ಈ ಯಾವ ಕೋಣೆಗೂ ಪೂರ್ತಿಯಾಗಿ ಸೇರುವುದಿಲ್ಲ. ಅವರಿಗೆ ಸಂಧಿವಾತವೂ ಇದೆ, ಹಳೆಯ ಹೃದಯಾಘಾತವೂ ಇದೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದೆ, ಕಣ್ಣಿನ ಪೊರೆ ತೆಗೆಸಿಲ್ಲ, ದಿನಕ್ಕೆ ಎಂಟು ಮಾತ್ರೆ. ಮೂಳೆಯ ತಜ್ಞ ಮೊಣಕಾಲು ನೋಡುತ್ತಾನೆ, ನರದ ತಜ್ಞ ನಡಿಗೆ ನೋಡುತ್ತಾನೆ. ಇವೆಲ್ಲ ಸೇರಿ ಆ ಮನುಷ್ಯ ನಾಳೆ ಬಚ್ಚಲಲ್ಲಿ ಬೀಳುತ್ತಾರೋ ಇಲ್ಲವೋ ಎಂದು ಯೋಚಿಸುವುದು ಯಾರ ಕೆಲಸ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಮೊದಲು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ ಹೇಳುತ್ತೇನೆ. ನಾವು ವಯಸ್ಸಾದವರಿಗೆ ಕೊಡುವ ವ್ಯಾಯಾಮ ತೀರಾ ಕಡಿಮೆ. ಕಾಲಿಗೆ ಅರ್ಧ ಕಿಲೋ ತೂಕ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ, ಹತ್ತು ಸಲ ಎತ್ತಿ ಇಳಿಸಿ ಎನ್ನುತ್ತೇವೆ. ಆರು ವಾರ ಕಳೆದರೂ ಅದೇ ಅರ್ಧ ಕಿಲೋ, ಅದೇ ಹತ್ತು ಸಲ. ಕೊನೆಗೆ ವರದಿಯಲ್ಲಿ "ವಯಸ್ಸಿನ ಕಾರಣ ಸುಧಾರಣೆ ಸೀಮಿತ" ಎಂದು ಬರೆಯುತ್ತೇವೆ. ಸುಧಾರಣೆ ಸೀಮಿತವಾಗಿದ್ದು ವಯಸ್ಸಿನಿಂದಲ್ಲ, ನಾವು ಕೊಟ್ಟ ಪ್ರಮಾಣದಿಂದ. ಸೋಂಕಿಗೆ ಕಾಲು ಡೋಸ್ ಆಂಟಿಬಯೋಟಿಕ್ ಕೊಟ್ಟ ವೈದ್ಯರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಕಾಲು ಡೋಸ್ ವ್ಯಾಯಾಮ ಕೊಟ್ಟ ನಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದು ಗೊತ್ತಿಲ್ಲದ ಸಂಗತಿಯೇನೂ ಅಲ್ಲ. 1990ರಲ್ಲೇ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಅಮೆರಿಕದ ಒಂದು ಆರೈಕೆ ಕೇಂದ್ರದಲ್ಲಿದ್ದ, ಸುಮಾರು 90 ವರ್ಷದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ತೂಕ ಎತ್ತುವ ತರಬೇತಿ ಕೊಟ್ಟರು. ಅರ್ಧ ಕಿಲೋ ಅಲ್ಲ, ಅವರವರು ಒಮ್ಮೆಗೆ ಎತ್ತಬಲ್ಲ ಗರಿಷ್ಠ ತೂಕದ ಶೇ 80ರಷ್ಟು. ತರಬೇತಿ ಪೂರೈಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ನಾಲ್ಕು ವರ್ಷದ ನಂತರ ಅದೇ ಸಂಶೋಧಕರು ನೂರು ಮಂದಿಯೊಂದಿಗೆ ದೊಡ್ಡ ಪ್ರಯೋಗ ನಡೆಸಿದಾಗ ಬಲ ದುಪ್ಪಟ್ಟಿಗೂ ಹೆಚ್ಚಾಯಿತು. ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿ ಎರಡೂ ಸುಧಾರಿಸಿದವು. ಮೂರು ದಶಕಗಳೇ ದಾಟಿದವು. ನಮ್ಮ ವಿದ್ಯಾರ್ಥಿಗಳಿಗೆ ಈ ಅಂಕಿಅಂಶ ಗೊತ್ತು, ಪರೀಕ್ಷೆಯಲ್ಲಿ ಬರೆಯುತ್ತಾರೆ ಕೂಡ. ಆದರೆ ಮರುದಿನ ವಾರ್ಡಿನಲ್ಲಿ 88 ವರ್ಷದ ಅಜ್ಜಿಯ ತೆಳ್ಳನೆಯ ಕಾಲು ಕಂಡ ಕೂಡಲೇ ಕೈ ಮತ್ತೆ ಆ ಅರ್ಧ ಕಿಲೋ ಚೀಲಕ್ಕೇ ಹೋಗುತ್ತದೆ.

ಏಕೆ ಹೀಗಾಗುತ್ತದೆ? ಭಯ. ಎದೆ ನೋವು ಬಂದರೆ? ಮೂಳೆ ಮುರಿದರೆ? ಮನೆಯವರು ಜಗಳಕ್ಕೆ ಬಂದರೆ? ಈ ಭಯ ತಪ್ಪಲ್ಲ, ಅದರಲ್ಲಿ ಕಾಳಜಿಯೂ ಇದೆ. ಆದರೆ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು ಓದಿ ಬರುವುದಲ್ಲ. ಅನುಭವಿಯೊಬ್ಬರು ಪಕ್ಕದಲ್ಲಿ ನಿಂತು "ಇನ್ನೂ ಎರಡು ಕಿಲೋ ಹಾಕಿ, ಉಸಿರು ನೋಡುತ್ತಿರಿ, ಮಾತಾಡಿಸುತ್ತಿರಿ" ಎಂದಾಗ, ಆ ಅಜ್ಜಿ ಅದನ್ನು ಎತ್ತಿ ತಾವೇ ಬೆರಗಾಗಿ ನಕ್ಕಾಗ, ಆ ಭಯ ಅಲ್ಲೇ ಕರಗುತ್ತದೆ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಯನ್ನು ನಂಬಿ ಶ್ರಮ ಅಳೆಯಲಾಗದು, "ಎಷ್ಟು ಕಷ್ಟ ಅನ್ನಿಸುತ್ತಿದೆ" ಎಂದು ಅವರನ್ನೇ ಕೇಳಿ ಅಳೆಯಬೇಕು. ಪುಸ್ತಕದಲ್ಲಿ ಇದು ಒಂದು ಸಾಲು. ಮುಖದ ಬಣ್ಣ, ಬೆವರು, ಉತ್ತರ ಕೊಡಲು ತೆಗೆದುಕೊಳ್ಳುವ ಸಮಯ ಇವನ್ನೆಲ್ಲ ಕೂಡಿಸಿ ಓದುವುದನ್ನು ಮಾತ್ರ ಯಾರಾದರೂ ತೋರಿಸಿಕೊಡಬೇಕು.

ಹಾಗೆಂದು ಎಲ್ಲರಿಗೂ ಭಾರ ಹೊರಿಸಿ ಎನ್ನುತ್ತಿಲ್ಲ. ಮೂಳೆ ಟೊಳ್ಳಾದ (ಆಸ್ಟಿಯೊಪೊರೋಸಿಸ್ ಇರುವ) ಬೆನ್ನಿಗೆ ಮುಂದಕ್ಕೆ ಬಗ್ಗುವ ವ್ಯಾಯಾಮ ಕೊಟ್ಟರೆ ಏನಾಗುತ್ತದೆಂದು 1984ರಲ್ಲೇ ಸಿನಾಕಿ ಮತ್ತು ಮಿಕೆಲ್ಸನ್ ಎಂಬ ಸಂಶೋಧಕರು ತೋರಿಸಿದ್ದರು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದ ಮಹಿಳೆಯರಲ್ಲಿ ಶೇ 16ರಷ್ಟು ಮಂದಿಗೆ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು; ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ಆ ಪ್ರಮಾಣ ಶೇ 89. ಅಂದರೆ ತಪ್ಪು ವ್ಯಾಯಾಮಕ್ಕೂ ಬೆಲೆ ತೆರಬೇಕು, ಸಾಲದ ವ್ಯಾಯಾಮಕ್ಕೂ ಬೆಲೆ ತೆರಬೇಕು. ಇವೆರಡರ ನಡುವಿನ ದಾರಿ ಗೊತ್ತಿರುವವರನ್ನೇ ತಜ್ಞರು ಎನ್ನಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಎಂಬತ್ತರ ಆಸುಪಾಸಿನ ಮಹಿಳೆಯೊಬ್ಬರು ಒಂದು ಚೀಟಿ ಹಿಡಿದು ಬರುತ್ತಾರೆ. ಚೀಟಿಯಲ್ಲಿ ಇಷ್ಟೇ: ಮೊಣಕಾಲು ನೋವು, ಸ್ನಾಯು ಬಲಪಡಿಸುವ ವ್ಯಾಯಾಮ. ಹೆಸರು ಕರೆದಾಗ ಅವರು ಕುರ್ಚಿಯ ಕೈ ಒತ್ತಿ ಎದ್ದು ನಿಲ್ಲುತ್ತಾರೆ. ಹೊರಡುವ ಮೊದಲು ಒಂದೆರಡು ಕ್ಷಣ ಮೇಜಿನ ಅಂಚು ಹಿಡಿದು ಹಾಗೇ ನಿಂತಿರುತ್ತಾರೆ. ತರಬೇತಿ ಇಲ್ಲದ ಕಣ್ಣಿಗೆ ಅದು ಮೊಣಕಾಲು ನೋವು. ಪಳಗಿದ ಕಣ್ಣು ಆ ಎರಡು ಕ್ಷಣವನ್ನೇ ಹಿಡಿಯುತ್ತದೆ.

"ಇತ್ತೀಚೆಗೆ ಬಿದ್ದಿದ್ದೀರಾ?" ಎಂದರೆ "ಇಲ್ಲಪ್ಪ" ಎನ್ನುತ್ತಾರೆ. "ಎಲ್ಲಾದರೂ ಜಾರಿದ್ದು, ಮುಗ್ಗರಿಸಿದ್ದು, ಗೋಡೆ ಹಿಡಿದುಕೊಂಡಿದ್ದು?" ಎಂದು ಕೇಳಿದಾಗ ಕತೆ ಹೊರಬರುತ್ತದೆ: ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗಿದಂತಾಗಿ ಮಂಚದ ಪಕ್ಕ ಕುಸಿದು ಕೂತಿದ್ದರು, ಅದು ಬಿದ್ದದ್ದಲ್ಲ ಎಂಬುದು ಅವರ ಲೆಕ್ಕ. ಮಗನಿಗೆ ಹೇಳಿಲ್ಲ, ಹೇಳಿದರೆ ಒಬ್ಬಳೇ ಇರಬೇಡ ಎನ್ನುತ್ತಾನೆ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿದರೆ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿದೆ. ಮಾತ್ರೆಗಳ ಚೀಲ ತೆಗೆಸಿ ನೋಡಿದರೆ ಬಿ.ಪಿ.ಗೆ ಒಂದು ಹೊಸ ಮಾತ್ರೆ, ಜೊತೆಗೆ ನಿದ್ದೆಗೆ ಇನ್ನೊಂದು. ಈಗ ಮೊದಲ ಕೆಲಸ ಮೊಣಕಾಲಿನದಲ್ಲ, ವೈದ್ಯರಿಗೆ ಫೋನ್ ಮಾಡುವುದು. ಮಾತ್ರೆ ಬದಲಿಸುವುದು ನಮ್ಮ ಅಧಿಕಾರವಲ್ಲ, ಆದರೆ ಕಂಡದ್ದನ್ನು ಅಂಕಿ ಸಮೇತ ಹೇಳುವುದು ನಮ್ಮ ಹೊಣೆ. ಆಮೇಲೆ ಚಪ್ಪಲಿ, ಕನ್ನಡಕ, ಮಂಚದಿಂದ ಶೌಚಾಲಯದವರೆಗಿನ ಬೆಳಕು. ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ ಕೊನೆಗೆ. ಅದನ್ನೂ ವಾರದಿಂದ ವಾರಕ್ಕೆ ಕಠಿಣ ಮಾಡುತ್ತಾ ಹೋಗಬೇಕು. ಅವರು ಹೇಳಿಕೊಂಡು ಬಂದ ಮೊಣಕಾಲು ನೋವನ್ನೂ ಬಿಡುವಂತಿಲ್ಲ. ಬಿಟ್ಟರೆ ಅವರು ಮುಂದಿನ ವಾರ ಬರುವುದಿಲ್ಲ.

ಈ ಒಂದು ಗಂಟೆಯಲ್ಲಿ ನಡೆದದ್ದನ್ನು ಯಾವ ವಿಭಾಗದ ಪಠ್ಯಕ್ಕೆ ಸೇರಿಸುತ್ತೀರಿ? ಇದರ ಒಂದೊಂದು ತುಣುಕೂ ಬೇರೆ ಬೇರೆ ಪುಸ್ತಕದಲ್ಲಿದೆ. ಜೋಡಿಸುವುದನ್ನು ಯಾರೂ ಕಲಿಸಿಲ್ಲ.

ಅಳೆಯುವ ಸಾಧನಗಳಿಗೇನೂ ಬರವಿಲ್ಲ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರುವ ಪರೀಕ್ಷೆ 1991ರಿಂದ ಇದೆ. ಹದಿನಾಲ್ಕು ಹಂತಗಳ ಬರ್ಗ್ ಸಮತೋಲನ ಪರೀಕ್ಷೆ ಅದಕ್ಕಿಂತ ಹಳೆಯದು. ಸೆಕೆಂಡುಗಳನ್ನು ಬರೆದುಕೊಳ್ಳುವುದನ್ನು ಯಾರು ಬೇಕಾದರೂ ಕಲಿಯಬಹುದು. ತಿರುಗುವಾಗ ಎಷ್ಟು ಹೆಜ್ಜೆ ಇಟ್ಟರು, ಕೂರುವಾಗ ಧೊಪ್ಪನೆ ಬಿದ್ದರೋ ಇಳಿದರೋ, ನಡುವೆ ಮಾತಾಡಿಸಿದರೆ ನಿಂತುಬಿಟ್ಟರೋ ಎಂಬುದು ಗಡಿಯಾರಕ್ಕೆ ಕಾಣುವುದಿಲ್ಲ. 1997ರಲ್ಲಿ ಸ್ವೀಡನ್‌ನ ಸಂಶೋಧಕರು ಇಷ್ಟು ಸರಳವಾದ ಒಂದು ಸಂಗತಿಯನ್ನೇ ಗಮನಿಸಿದರು: ಆರೈಕೆ ಕೇಂದ್ರದ ನಿವಾಸಿಗಳಲ್ಲಿ ನಡೆಯುತ್ತಾ ಮಾತಾಡಿಸಿದಾಗ ನಿಂತುಬಿಟ್ಟವರು 12 ಮಂದಿ, ಅವರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದರು. ಯಂತ್ರ ಬೇಡ, ದುಡ್ಡು ಬೇಡ. ನೋಡಬೇಕೆಂಬ ಎಚ್ಚರ ಬೇಕು.

ಇನ್ನು ಆಸ್ಪತ್ರೆಯ ವಾರ್ಡು. ಆರೋಗ್ಯವಂತ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನಡೆಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಹೋಗಿತ್ತು. ರೋಗ ಇಲ್ಲದವರ ಗತಿ ಇದು. ಸೋಂಕು, ಜ್ವರ, ಊಟ ಸೇರದಿರುವುದು ಎಲ್ಲ ಇದ್ದವರ ಗತಿ ಹೇಗಿರಬಹುದೆಂದು ಯೋಚಿಸಿ. ಅವರನ್ನು ಬೇಗ ಎಬ್ಬಿಸಬೇಕು ಎಂದು ಎಲ್ಲರೂ ಒಪ್ಪುತ್ತಾರೆ. 1930ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಡಾ. ಮಾರ್ಜರಿ ವಾರನ್, ಇನ್ನು ಏಳುವುದಿಲ್ಲ ಎಂದು ಹಾಸಿಗೆಗೆ ಬಿಟ್ಟಿದ್ದ ವೃದ್ಧರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎಬ್ಬಿಸಿ, ಎಷ್ಟೋ ಮಂದಿಯನ್ನು ಮನೆಗೆ ಕಳಿಸಿದ್ದರು. ಆದರೆ ನಿನ್ನೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ಗೋಡೆ ನೋಡುತ್ತಾ ಗೊಣಗುತ್ತಿದ್ದರೆ ಅದು ಹಠವೇ, ನಿಧಾನವಾಗಿ ಮರೆವು ಹೆಚ್ಚುವ ಡಿಮೆನ್ಶಿಯಾವೇ, ಅಥವಾ ಕಾಯಿಲೆಯಿಂದ ಹಠಾತ್ತನೆ ಮನಸ್ಸು ಗೊಂದಲಗೊಳ್ಳುವ, ತಕ್ಷಣ ವೈದ್ಯರಿಗೆ ತಿಳಿಸಬೇಕಾದ ಡಿಲಿರಿಯಮ್ಮೇ ಎಂದು ಗುರುತಿಸಲಾಗದ ಫಿಸಿಯೋ "ರೋಗಿ ಸಹಕರಿಸಲಿಲ್ಲ" ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾನೆ. ನಾನು ಓದಿದ ಕಡತಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಮಾತು ಅದೇ.

ಡಿಮೆನ್ಶಿಯಾ ಇರುವವರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. "ಬಲಗಾಲು ಎತ್ತಿ, ಐದು ಎಣಿಸುವವರೆಗೆ ಹಿಡಿಯಿರಿ, ನಿಧಾನ ಇಳಿಸಿ" ಎಂದರೆ ಅವರು ನಮ್ಮ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಅದೇ ಎದುರಿಗೆ ನಿಂತು ಕೈ ಚಾಚಿ "ಬನ್ನಿ, ಕಿಟಕಿ ಹತ್ತಿರ ಹೋಗೋಣ" ಎಂದರೆ ಎದ್ದು ನಡೆಯುತ್ತಾರೆ. ಏಳುವುದು, ನಡೆಯುವುದು ಅವರ ಮೈಗೆ ಇನ್ನೂ ನೆನಪಿದೆ. ಸೂಚನೆಗಳ ಸರಪಳಿ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಬಾರಿಗೆ ಒಂದೇ ಮಾತು, ಉತ್ತರಕ್ಕೆ ಕಾಯುವ ತಾಳ್ಮೆ, ಮಗುವಿಗೆ ಹೇಳುವಂತೆ ಮುದ್ದು ಮಾಡದೆ ದೊಡ್ಡವರಿಗೆ ಕೊಡಬೇಕಾದ ಮರ್ಯಾದೆ. ಇದು ಸ್ವಭಾವದಿಂದ ಬರುತ್ತದೆ ಎಂದು ಬಿಟ್ಟುಬಿಡುವುದು ಅನ್ಯಾಯ. ಇದು ಕಲಿಯಬೇಕಾದ ಕೌಶಲ, ಕಲಿಸಬಹುದಾದ ಕೌಶಲ.

ಹಾಗಾದರೆ ತರಬೇತಿ ಹೇಗಿರಬೇಕು? ಅಮೆರಿಕದಲ್ಲಿ ವೃದ್ಧರ ಫಿಸಿಯೋಥೆರಪಿಗೆ 1990ರ ದಶಕದ ಆರಂಭದಿಂದಲೇ ಪ್ರತ್ಯೇಕ ತಜ್ಞ ಮಾನ್ಯತೆ ಇದೆ. ಆ ಪರೀಕ್ಷೆಗೆ ಕೂರಬೇಕಾದರೆ ವೃದ್ಧರ ಜೊತೆ 2,000 ಗಂಟೆ ನೇರ ಕೆಲಸ ಮಾಡಿರಬೇಕು, ಇಲ್ಲವೇ ಮಾನ್ಯತೆ ಪಡೆದ ರೆಸಿಡೆನ್ಸಿ, ಅಂದರೆ ರೋಗಿಗಳನ್ನು ನೋಡುತ್ತಲೇ ಮಾರ್ಗದರ್ಶಕರ ಕೆಳಗೆ ಪಡೆಯುವ ತರಬೇತಿ, ಮುಗಿಸಿರಬೇಕು. ರೆಸಿಡೆನ್ಸಿಯಲ್ಲಿ ಮಾರ್ಗದರ್ಶನ ಕನಿಷ್ಠ 150 ಗಂಟೆ ಇರಬೇಕೆಂಬ ನಿಯಮವಿದೆ. ಅವರ ವ್ಯವಸ್ಥೆಯನ್ನು ಹಾಗೇ ಎತ್ತಿ ತನ್ನಿ ಎನ್ನುವುದಿಲ್ಲ, ಅದಕ್ಕೂ ಅದರದೇ ಕೊರತೆಗಳಿವೆ. ಆದರೆ ಮಾರ್ಗದರ್ಶನವನ್ನು ಗಂಟೆಗಳಲ್ಲಿ ಬರೆದು ಕಡ್ಡಾಯ ಮಾಡಿದ ಆ ಒಂದು ನಿಯಮವನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. "ಅಗತ್ಯ ಮಾರ್ಗದರ್ಶನ ನೀಡಲಾಗುವುದು" ಎಂದು ಪಠ್ಯಕ್ರಮದಲ್ಲಿ ಬರೆದರೆ ಯಾರೂ ನೀಡುವುದಿಲ್ಲ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ಆ ಗಂಟೆಗಳು ಹೊರರೋಗಿ ವಿಭಾಗದಲ್ಲೇ ಮುಗಿದುಹೋಗಬಾರದು. ತೀವ್ರ ಚಿಕಿತ್ಸಾ ವಾರ್ಡು, ದೀರ್ಘಕಾಲದ ಆರೈಕೆ ಕೇಂದ್ರ, ಇವುಗಳ ಜೊತೆಗೆ ರೋಗಿಯ ಸ್ವಂತ ಮನೆಯೂ ಸೇರಲಿ. ಮನೆಯಂತೂ ಬೇಕೇ ಬೇಕು. ನ್ಯೂಜಿಲೆಂಡಿನ ಒಟಾಗೋದಲ್ಲಿ ರೂಪಿಸಿದ, ಮನೆಯಲ್ಲೇ ಮಾಡುವ ಕಾಲಿನ ಬಲ ಮತ್ತು ಸಮತೋಲನದ ಕಾರ್ಯಕ್ರಮ ಬೀಳುವ ಪ್ರಮಾಣವನ್ನು ಸುಮಾರು ಶೇ 35ರಷ್ಟು ತಗ್ಗಿಸಿದ್ದು ಬೇರೆ ಬೇರೆ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಕಂಡಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ನೋಡಿ, ವ್ಯಾಯಾಮದಿಂದ ಬೀಳುವುದು ಶೇ 23ರಷ್ಟು ಕಡಿಮೆಯಾಗುತ್ತದೆ ಎಂದಿತು. ಅದರಲ್ಲೂ ಫಲ ಕೊಟ್ಟದ್ದು ಸಮತೋಲನಕ್ಕೆ ಸವಾಲು ಹಾಕುವ ವ್ಯಾಯಾಮ, ಬರೀ ನಡಿಗೆಗೆ ಅಂಥ ಪುರಾವೆ ಸಿಗಲಿಲ್ಲ. ಆದರೂ "ದಿನಾ ವಾಕಿಂಗ್ ಮಾಡಿ" ಎಂದು ಹೇಳಿ ಕಳಿಸುವುದೇ ನಮ್ಮಲ್ಲಿ ರೂಢಿ. ಸಮತೋಲನಕ್ಕೆ ಸವಾಲು ಹಾಕಬೇಕಾದರೆ ರೋಗಿ ತುಸು ತೂಗಾಡಬೇಕು, ಚಿಕಿತ್ಸಕ ಹಿಡಿಯದೆ, ಆದರೆ ಹಿಡಿಯಲು ಸಿದ್ಧನಾಗಿ ಪಕ್ಕದಲ್ಲಿರಬೇಕು. ಕೈ ಎಲ್ಲಿರಬೇಕು, ಯಾವಾಗ ಬಿಡಬೇಕು ಎಂಬುದನ್ನು ಯಾವ ಸ್ಲೈಡೂ ಕಲಿಸದು.

ಪರೀಕ್ಷೆಯ ವಿಧಾನವೂ ಬದಲಾಗಬೇಕು. ಪ್ರಬಂಧ ಬೇಡವೆಂದಲ್ಲ, ಸಂಶೋಧನೆ ಓದಿ ತೂಗಿ ನೋಡಬಲ್ಲವರು ನಮಗೆ ಬೇಕು. ಆದರೆ ಪ್ರಬಂಧದ ಗಡುವು ಹತ್ತಿರ ಬಂದಂತೆ ರೋಗಿಯ ಪಕ್ಕದ ಸಮಯಕ್ಕೇ ಮೊದಲು ಕತ್ತರಿ ಬೀಳುತ್ತದೆ. ಅಭ್ಯರ್ಥಿ ಹಿಂದೆಂದೂ ನೋಡಿರದ ವೃದ್ಧರೊಬ್ಬರನ್ನು ಪೂರ್ತಿ ಪರೀಕ್ಷಿಸಿ, ಅವರಿಗೆ ಏನು ಬೇಕೆಂದು ಕೇಳಿ, ಯೋಜನೆ ಹಾಕಿ, ಏಕೆ ಎಂದು ಪರೀಕ್ಷಕರ ಮುಂದೆ ಸಮರ್ಥಿಸಲಿ. ಎಲ್ಲರೂ ಗುಣವಾಗುವುದಿಲ್ಲ, ಕೆಲವರು ಕೊನೆಯ ತಿಂಗಳುಗಳಲ್ಲಿರುತ್ತಾರೆ. ಅಂಥವರಿಗೆ ಹಾಸಿಗೆಯಿಂದ ಕುರ್ಚಿಗೆ ನೋವಿಲ್ಲದೆ ದಾಟುವುದೇ ಗುರಿಯಾದರೆ, ಆ ಗುರಿಯನ್ನು ಗೌರವದಿಂದ ಆರಿಸುವುದು ಅಭ್ಯರ್ಥಿಗೆ ಗೊತ್ತೇ, ಮನೆಯವರಿಗೆ ಕಂಕುಳಿಗೆ ಕೈ ಹಾಕಿ ಎಳೆಯದೆ ಎಬ್ಬಿಸುವುದನ್ನು ಕಲಿಸಬಲ್ಲರೇ ಎಂಬುದಕ್ಕೂ ಅಂಕ ಇರಲಿ.

"ಎಲ್ಲ ಫಿಸಿಯೋಗಳೂ ವೃದ್ಧರನ್ನು ನೋಡುತ್ತಲೇ ಇರುತ್ತಾರೆ, ಪ್ರತ್ಯೇಕ ತರಬೇತಿ ಏಕೆ" ಎಂಬ ಆಕ್ಷೇಪ ಗೊತ್ತು. ನೋಡುವುದರಿಂದಲೇ ಕಲಿಯುವಂತಿದ್ದರೆ ಆ ಅರ್ಧ ಕಿಲೋ ಚೀಲ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಎಲ್ಲರೂ ತಜ್ಞರಾಗಬೇಕಿಲ್ಲ; ಪ್ರತಿ ಆಸ್ಪತ್ರೆಯಲ್ಲಿ ಇಬ್ಬರು ಇದ್ದರೆ ಉಳಿದವರು ಅವರಿಂದ ಕಲಿಯುತ್ತಾರೆ. ವಿದ್ಯಾರ್ಥಿಗಳು ಈ ವಿಭಾಗ ಆರಿಸುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದು ನಿಜ, ಕ್ರೀಡೆಗೆ ಇರುವ ಆಕರ್ಷಣೆ ಇದಕ್ಕಿಲ್ಲ. ಆದರೆ ಹುದ್ದೆಯೂ ಇಲ್ಲ, ಬಡ್ತಿಯೂ ಇಲ್ಲ, ಪದವಿಯೂ ಇಲ್ಲ ಎಂಬ ಕ್ಷೇತ್ರಕ್ಕೆ ಯಾರು ಬಂದಾರು? ಮೊದಲು ಹುದ್ದೆ ಸೃಷ್ಟಿಸಿ, ಆಮೇಲೆ ಆಸಕ್ತಿ ಅಳೆಯಿರಿ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕಲಿಸುವವರದು. ಈ ಕೆಲಸದಲ್ಲಿ ನಿಜವಾಗಿ ಪಳಗಿದವರು ಹೆಚ್ಚಾಗಿ ಕಾಲೇಜುಗಳಲ್ಲಿಲ್ಲ. ವಾರ್ಡುಗಳಲ್ಲಿ, ಆರೈಕೆ ಕೇಂದ್ರಗಳಲ್ಲಿ, ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಾ ಇದ್ದಾರೆ. ಅವರಿಗೆ ಬೋಧಕರಾಗಲು ಬೇಕಾದ ಪದವಿ ಇಲ್ಲದಿರಬಹುದು. ಅವರಿಗೆ ಮಾರ್ಗದರ್ಶಕರ ಅಧಿಕೃತ ಸ್ಥಾನ ಕೊಡಿ, ಕಲಿಸುವ ಗಂಟೆಗಳಿಗೆ ಸಂಬಳ ಕೊಡಿ, ಆ ಗಂಟೆಗಳಲ್ಲಿ ಅವರ ಪಾಲಿನ ರೋಗಿಗಳ ಸಂಖ್ಯೆ ಕಡಿಮೆ ಮಾಡಿ. ಈಗಾಗಲೇ ಕೆಲಸದಲ್ಲಿರುವವರು ಕೆಲಸ ಬಿಡದೆ ಈ ತರಬೇತಿ ಪಡೆಯಲು ಅರೆಕಾಲಿಕ ದಾರಿ ಇಡಿ. ಪಠ್ಯಕ್ರಮ ಸಮಿತಿಯಲ್ಲಿ ವೃದ್ಧರ ವೈದ್ಯರು, ಶುಶ್ರೂಷಕರು, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟರ ಜೊತೆ, ಚಿಕಿತ್ಸೆ ಪಡೆದ ಇಬ್ಬರು ಹಿರಿಯರಿಗೂ ಮತದ ಹಕ್ಕಿರುವ ಸ್ಥಾನವಿರಲಿ.

ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕೆಂದೂ, ಮೇಲ್ವಿಚಾರಣೆಯ ಗಂಟೆಗಳ ಬಗ್ಗೆ ನಿಮ್ಮ ನಿಲುವನ್ನು ಲಿಖಿತವಾಗಿ ಪ್ರಕಟಿಸಬೇಕೆಂದೂ ಕೋರುತ್ತೇನೆ. ಕರಡು ಸಿದ್ಧಪಡಿಸಲು ನನ್ನಂಥವರ ನೆರವು ಬೇಕಿದ್ದರೆ, ರೋಗಿಗಳ ನಡುವೆ ಕೆಲಸ ಮಾಡುತ್ತಿರುವ ನಮ್ಮಲ್ಲಿ ಅನೇಕರು ಸಮಯ ಕೊಡಲು ತಯಾರಿದ್ದೇವೆ.

ಇಂತಿ,
ವೃದ್ಧರ ಆರೈಕೆಯಲ್ಲಿರುವ ಒಬ್ಬ ಫಿಸಿಯೋಥೆರಪಿಸ್ಟ್